ಡೀಲರ್ ಬರೆದ ಕ್ಷೇಮ ಸಮಾಚಾರದ ಕಾಗದ



ಅಮೆರಿಕಕ್ಕೆ ಬಂದು ಕಾರು ಕೊಂಡ ಪ್ರತಿ ಮನೆಗೂ ಒಬ್ಬ ಹೊಸ ಬಂಧು ಸಿಗುತ್ತಾನೆ. ಊರಿನಲ್ಲಿರುವ ಅಣ್ಣ-ತಮ್ಮಂದಿರು ಆರು ತಿಂಗಳಿಗೊಮ್ಮೆ ಫೋನ್ ಮಾಡಿದರೆ ಹೆಚ್ಚು. ಈ ಬಂಧು ಮಾತ್ರ ತಿಂಗಳು ತಪ್ಪದೆ ಬರೆಯುತ್ತಾನೆ. ಹುಟ್ಟುಹಬ್ಬಕ್ಕೆ ಶುಭಾಶಯ ಕಳಿಸುತ್ತಾನೆ. ಹಿಮ ಬೀಳುವ ಮೊದಲು ಎಚ್ಚರಿಸುತ್ತಾನೆ. ಅವನೇ ನಿಮ್ಮ ಕಾರಿನ ಡೀಲರ್.

ಅವನ ಇಮೇಲ್ ತೆರೆದು ನೋಡಿದ್ದೀರಾ? ಮೇಲುಗಡೆ, 'ನಿಮ್ಮ ಕುಟುಂಬದ ಜೊತೆ ನಾವಿದ್ದೇವೆ' ಎಂಬ ಅರ್ಥದ ನಾಲ್ಕು ಸಾಲು. ಅದರ ಕೆಳಗೆ ಕುಂಬಳಕಾಯಿ ಸೂಪ್ ಮಾಡುವ ವಿಧಾನ. ಆಮೇಲೆ ದೂರ ಪ್ರಯಾಣದಲ್ಲಿ ಮಕ್ಕಳು ಗಲಾಟೆ ಮಾಡದಂತೆ ಆಡಿಸುವ ಆಟ, ಸೀಟಿನ ಮೇಲೆ ಕಾಫಿ ಚೆಲ್ಲಿದರೆ ಕಲೆ ತೆಗೆಯುವ ಉಪಾಯ. ಕೊನೆಯಲ್ಲಿ ಆಯಿಲ್ ಚೇಂಜ್ ಕೂಪನ್. ನಮ್ಮವರಲ್ಲಿ ಕೆಲವರು ಇದನ್ನು ಓದದೆಯೇ ಅಳಿಸುತ್ತಾರೆ. ಹೊಸದಾಗಿ ಬಂದವರು ಕೆಲವರು ಪೂರ್ತಿ ನಂಬುತ್ತಾರೆ. ನಾನು ಹೇಳುವುದು, ಅಳಿಸಬೇಡಿ, ಓದಿ. ಓದುವಾಗ ಪ್ರತಿ ಸಾಲಿಗೂ ಒಂದು ಪ್ರಶ್ನೆ ಹಾಕಿ: ಈ ಮಾತು ಯಾರದು? ಡೀಲರನದೇ, ಕಾರು ಮಾಡಿದ ಕಂಪನಿಯದೇ, ಸಾಲ ಕೊಟ್ಟ ಬ್ಯಾಂಕಿನದೇ, ಇಲ್ಲ ಕಾನೂನಿನದೇ? ಇದೊಂದು ತಿಳಿದರೆ ಎಷ್ಟೋ ದುಡ್ಡೂ ಉಳಿಯುತ್ತದೆ, ರಾತ್ರಿ ನಿದ್ದೆಯೂ ಬರುತ್ತದೆ.

ವ್ಯಾಪಾರಿ ಮನೆಯವರ ಕ್ಷೇಮ ವಿಚಾರಿಸುವುದು ನಮಗೇನೂ ಹೊಸದಲ್ಲ. ಊರಿನ ದಿನಸಿ ಅಂಗಡಿಯವರು ಹೊಸ ವರ್ಷಕ್ಕೆ ಕ್ಯಾಲೆಂಡರು ಕೊಡುತ್ತಿದ್ದರು. ಅದರಲ್ಲಿ ಏಕಾದಶಿ, ಸಂಕಷ್ಟಿ, ರಾಹುಕಾಲ ಎಲ್ಲ ಇರುತ್ತಿತ್ತು, ಮೇಲೆ ಅಂಗಡಿಯ ಹೆಸರು ದಪ್ಪ ಅಕ್ಷರದಲ್ಲಿ. 'ದುಡ್ಡು ಎಲ್ಲಿಗೆ ಹೋಗುತ್ತೆ ಸ್ವಾಮಿ, ಮೊದಲು ಸಾಮಾನು ತಗೊಂಡು ಹೋಗಿ' ಎನ್ನುತ್ತಿದ್ದರು. ಆ ಮಾತು ಪ್ರೀತಿಯದೇ. ಆದರೆ ನೀವು ಹೊಸ್ತಿಲು ದಾಟುವ ಮೊದಲೇ ಸಾಲದ ಪುಸ್ತಕದಲ್ಲಿ ಲೆಕ್ಕ ಬರೆದಾಗಿರುತ್ತಿತ್ತು! ಮಾತು ಬೇರೆ, ಪುಸ್ತಕ ಬೇರೆ ಎಂದು ನಮ್ಮ ಅಮ್ಮಂದಿರಿಗೆ ಚೆನ್ನಾಗಿ ಗೊತ್ತಿತ್ತು.

ಕಾರಿನ ವ್ಯಾಪಾರಿ ಅಡುಗೆ ಹೇಳಿಕೊಡುವ ಪದ್ಧತಿಯ ಬೇರು ಹುಡುಕಲು ನಾವು ಬಹಳ ದೂರ ಹೋಗಬೇಕಿಲ್ಲ. ನಮ್ಮ ಡಿಯರ್‌ಬಾರ್ನ್‌ನ ಕಂಪನಿಯಲ್ಲೇ ಅದು ಸಿಗುತ್ತದೆ. ಫೋರ್ಡ್ ಕಂಪನಿ 1908ರಲ್ಲಿ, ಮಾಡೆಲ್ ಟಿ ಕಾರು ಹೊರಬರುವ ಕೆಲವು ತಿಂಗಳ ಮುಂಚೆ, 'ಫೋರ್ಡ್ ಟೈಮ್ಸ್' ಎಂಬ ಪತ್ರಿಕೆ ಶುರು ಮಾಡಿತು. ಅದು 1917ರಲ್ಲಿ ನಿಂತು, 1943ರಲ್ಲಿ ಮತ್ತೆ ಆರಂಭವಾಗಿ, 1993ರವರೆಗೆ ನಡೆಯಿತು. ಕೋಟಿನ ಜೇಬಿನಲ್ಲಿ ಹಿಡಿಯುವಷ್ಟು ಪುಟ್ಟ ಪತ್ರಿಕೆ. ಊರೂರಿನ ಡೀಲರ್‌ಗಳ ಮೂಲಕ ಕಾರು ಕೊಂಡವರ ಮನೆಗೆ ಹೋಗುತ್ತಿತ್ತು. ಅದರಲ್ಲಿ ಕಾರಿನ ಮಾತಿಗಿಂತ ಪ್ರವಾಸದ ಮಾತೇ ಹೆಚ್ಚು. ಯಾವ ಕೆರೆಯಲ್ಲಿ ಮೀನು ಸಿಗುತ್ತದೆ, ಯಾವ ಕಾಡಿನಲ್ಲಿ ಯಾವ ಹಕ್ಕಿ, ಯಾವ ಊರಿನ ಹೋಟೆಲಿನಲ್ಲಿ ಏನು ರುಚಿ, ಹೀಗೆ. ಚಾರ್ಲಿ ಹಾರ್ಪರ್ ಎಂಬ ಕಲಾವಿದ ಇದಕ್ಕಾಗಿ ಬರೆದ ಹಕ್ಕಿಗಳ ಚಿತ್ರಗಳನ್ನು ಇವತ್ತಿಗೂ ಜನ ಗೋಡೆಗೆ ತೂಗುಹಾಕುತ್ತಾರೆ. ದಾರಿಬದಿಯ ಹೆಸರಾಂತ ಹೋಟೆಲುಗಳ ಅಡುಗೆಗಳು ಎಷ್ಟು ಜನಪ್ರಿಯವಾದವೆಂದರೆ, 1950ರಲ್ಲಿ ಅವನ್ನೆಲ್ಲ ಸೇರಿಸಿ ದೊಡ್ಡ ಅಡುಗೆ ಪುಸ್ತಕವನ್ನೇ ತಂದರು. ಕಾರಿನ ಕಂಪನಿಯ ಅಡುಗೆ ಪುಸ್ತಕ! ನಗು ಬಂದರೂ ಉಪಾಯ ಸರಳ. ನೂರು ಮೈಲಿ ಆಚೆಯ ಹೋಟೆಲಿನ ರುಚಿ ಓದಿದವನು ಅಲ್ಲಿಗೆ ಹೊರಡುತ್ತಾನೆ, ಹೊರಟರೆ ಟೈರ್ ಸವೆಯುತ್ತದೆ, ಸವೆದರೆ ಡೀಲರ್ ಬಳಿ ಬರುತ್ತಾನೆ. ಇದರಲ್ಲಿ ಮೋಸವೇನಿಲ್ಲ, ಓದಿದವರಿಗೂ ಸಂತೋಷವೇ ಆಯಿತು.

ಇದೇ ಕಂಪನಿಯ ಇನ್ನೊಂದು ಬಗೆಯ ಸಲಹೆ ಅಷ್ಟು ಸಿಹಿಯಾಗಿರಲಿಲ್ಲ. 1914ರ ಜನವರಿಯಲ್ಲಿ ಹೆನ್ರಿ ಫೋರ್ಡ್ ತನ್ನ ಕಾರ್ಮಿಕರಿಗೆ ದಿನಕ್ಕೆ 5 ಡಾಲರ್ ಎಂದು ಸಾರಿದಾಗ ಜಗತ್ತೇ ಬೆರಗಾಯಿತು. ಆದರೆ ಅದರ ಅರ್ಧದಷ್ಟು 'ಲಾಭದ ಪಾಲು'. ಅದು ಸಿಗಬೇಕಾದರೆ ನಿಮ್ಮ ಸಂಸಾರ ಕಂಪನಿಗೆ ಒಪ್ಪಿಗೆಯಾಗಬೇಕು. ಅದಕ್ಕೆಂದೇ ಒಂದು ವಿಭಾಗ ಇತ್ತು. ಅದರ ತನಿಖೆದಾರರು ಮನೆಮನೆಗೆ ಬಂದು ಮನೆ ಚೊಕ್ಕಟವಾಗಿದೆಯೇ, ಕುಡಿತ ಇದೆಯೇ, ದುಡ್ಡು ಉಳಿಸುತ್ತಾರೆಯೇ, ಕೋಣೆಯನ್ನು ಹೊರಗಿನವರಿಗೆ ಬಾಡಿಗೆಗೆ ಬಿಟ್ಟಿದ್ದಾರೆಯೇ ಎಂದು ವಿಚಾರಿಸುತ್ತಿದ್ದರು. 1915ರಲ್ಲಿ ಕಾರ್ಮಿಕರಿಗಾಗಿ ಗೃಹಜೀವನದ ಸಲಹೆಗಳ ಕೈಪಿಡಿಯನ್ನೇ ಅಚ್ಚು ಹಾಕಿಸಿದರು. ಮನೆ ಸ್ವಚ್ಛವಾಗಿಡಿ, ಗಾಳಿ-ಬೆಳಕು ಬರಲಿ, ಬ್ಯಾಂಕಿನಲ್ಲಿ ಹಣ ಇಡಿ ಎಂಬ ಸಲಹೆಗಳಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಕೇಳದಿದ್ದರೆ ಸಂಬಳ ಖೋತಾ! ವಲಸೆ ಬಂದ ಕಾರ್ಮಿಕರಿಗೆ ಇಂಗ್ಲಿಷ್ ಶಾಲೆಯೂ ಇತ್ತು. ಅದರ ಪದವಿ ಸಮಾರಂಭದಲ್ಲಿ ಅವರು ತಮ್ಮ ದೇಶದ ಉಡುಪು ತೊಟ್ಟು ವೇದಿಕೆಯ ಮೇಲಿನ ದೊಡ್ಡ ಕಡಾಯಿಯೊಳಗೆ ಇಳಿದು, ಅಮೆರಿಕನ್ ಸೂಟು ತೊಟ್ಟು ಬಾವುಟ ಬೀಸುತ್ತ ಹೊರಬರುತ್ತಿದ್ದರು. ವಾರಕ್ಕೊಮ್ಮೆ ಮಕ್ಕಳನ್ನು ಕನ್ನಡ ಶಾಲೆಗೆ ಕರೆತರುವ ನಮಗೆ ಆ ಕಡಾಯಿ ನೆನೆದರೆ ಸ್ವಲ್ಪ ಕಸಿವಿಸಿ ಆಗುತ್ತದೆ. ಸಲಹೆ ಒಳ್ಳೆಯದೇ ಆದರೂ ಅದರ ಹಿಂದೆ ನಮ್ಮ ಮೇಲೆ ಯಾವ ಹಿಡಿತ ಇದೆ ಎಂದು ನೋಡಬೇಕಾಗುತ್ತದೆ. ಇವತ್ತಿನ ಡೀಲರ್ ಬಳಿ ಇರುವ ಹಿಡಿತ ಒಂದು ಕೂಪನ್ ಮಾತ್ರ. ಆ ಲೆಕ್ಕದಲ್ಲಿ ನಾವು ಅದೃಷ್ಟವಂತರು.

ಈಗ ಧೈರ್ಯ ಹೇಳುವ ಮಾತಿಗೆ ಬರೋಣ. ಡೀಲರ್ ನಿಮಗೆ ಧೈರ್ಯ ಹೇಳುತ್ತಿದ್ದಾನೆ ಎಂದರೆ ಅವನಿಗೂ ಭಯವಾಗಿದೆ ಎಂದೇ ಲೆಕ್ಕ. ನಮ್ಮ ಡೆಟ್ರಾಯಿಟ್ ಸೀಮೆಯಲ್ಲಿ ಹದಿನೈದು-ಇಪ್ಪತ್ತು ವರ್ಷದಿಂದ ಇರುವವರು ಇದನ್ನು ಎರಡು ಸಲ ಕಂಡಿದ್ದಾರೆ.

ಮೊದಲನೆಯದು 2009. ಕ್ರೈಸ್ಲರ್ ಏಪ್ರಿಲ್ 30ರಂದು, ಜನರಲ್ ಮೋಟಾರ್ಸ್ ಜೂನ್ 1ರಂದು ದಿವಾಳಿ ಅರ್ಜಿ ಹಾಕಿದವು. ಕಂಪನಿಯೇ ಮುಳುಗಿದರೆ ವಾರಂಟಿಗೆ ಯಾರು ಗತಿ ಎಂದು ಜನ ಹೆದರಿದ್ದರು. ಮಾರ್ಚ್ ಕೊನೆಯಲ್ಲೇ ಅಧ್ಯಕ್ಷ ಒಬಾಮ ಟಿವಿಯಲ್ಲಿ ಬಂದು, ಈ ಎರಡು ಕಂಪನಿಗಳ ವಾರಂಟಿಗೆ ಸರ್ಕಾರವೇ ಬೆನ್ನಿಗೆ ನಿಲ್ಲುತ್ತದೆ ಎಂದು ಹೇಳಬೇಕಾಯಿತು. ದೇಶದ ಅಧ್ಯಕ್ಷರು ಕಾರಿನ ವಾರಂಟಿಗೆ ಜಾಮೀನು ನಿಂತದ್ದು! ಅದೇ ಬೇಸಿಗೆಯಲ್ಲಿ ಕ್ರೈಸ್ಲರ್ ಒಂದೇ ಏಟಿಗೆ 789 ಡೀಲರ್‌ಗಳನ್ನು ಕೈಬಿಟ್ಟಿತು. ಇಲ್ಲಿ ನಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ. ಅಂಗಡಿ ಮುಚ್ಚಿದರೂ ಕಂಪನಿಯ ವಾರಂಟಿ ಸಾಯಲಿಲ್ಲ, ಪಕ್ಕದ ಊರಿನ ಅದೇ ಬ್ರ್ಯಾಂಡಿನ ಡೀಲರ್ ಬಳಿ ನಡೆಯುತ್ತಿತ್ತು. ಆದರೆ ಡೀಲರ್ ತಾನೇ ಕೊಟ್ಟ ಮಾತುಗಳು, 'ಕಾರು ಇರುವವರೆಗೆ ಆಯಿಲ್ ಚೇಂಜ್ ಉಚಿತ' ಎಂಬಂಥವು, ಅಂಗಡಿಯ ಜೊತೆಗೇ ನಿಲ್ಲುವಂಥವು. ಡೀಲರ್ ಎಂದರೆ ಫೋರ್ಡ್ ಅಲ್ಲ, ಜಿಎಂ ಅಲ್ಲ. ಅವರ ಫಲಕ ಹಾಕಿಕೊಂಡ ಸ್ವತಂತ್ರ ವ್ಯಾಪಾರಿ. ಮಿಶಿಗನ್ ಅವೆನ್ಯೂ ಮೇಲೆ ದಿನಾ ಓಡಾಡುವ ನಮ್ಮಲ್ಲಿ ಎಷ್ಟೋ ಜನ ಇದನ್ನು ಒಂದೇ ಎಂದುಕೊಂಡಿರುತ್ತಾರೆ.

ಅದೇ ವರ್ಷ ಜನವರಿಯಲ್ಲಿ ಹ್ಯುಂಡೈ ಒಂದು ಮಾತು ಕೊಟ್ಟಿತು. ಕಾರು ಕೊಂಡ ಒಂದು ವರ್ಷದೊಳಗೆ ಕೆಲಸ ಹೋದರೆ ಕಾರು ವಾಪಸ್ ಕೊಡಿ, ನಿಮ್ಮ ಕ್ರೆಡಿಟ್ ಕೆಡುವುದಿಲ್ಲ ಎಂದು. ವಾಪಸ್ ಕೊಟ್ಟವರು ಬಹಳ ಕಡಿಮೆ. ಆದರೆ ಎಲ್ಲರ ವ್ಯಾಪಾರ ಕುಸಿದ ಆ ವರ್ಷ ಅವರ ಗಾಡಿಗಳು ಓಡಿದವು. ಇದು ಬರೀ ಮಾತಾಗಿರಲಿಲ್ಲ, ಷರತ್ತುಗಳ ಸಮೇತ ಕಾಗದದ ಮೇಲಿತ್ತು.

ಎರಡನೆಯದು 2020. ಮಾರ್ಚ್ 24ರಿಂದ ಮಿಶಿಗನ್‌ನಲ್ಲಿ ಎಲ್ಲರೂ ಮನೆಯೊಳಗೆ. ಶೋರೂಂ ಬಾಗಿಲು ಹಾಕಿತ್ತು, ರಿಪೇರಿ ವಿಭಾಗಕ್ಕೆ ಮಾತ್ರ ಅನುಮತಿ ಇತ್ತು. ಆಗ ಬಂದ ಇಮೇಲ್‌ಗಳು ನೆನಪಿರಬೇಕು. ಸ್ಟೀರಿಂಗ್ ಒರೆಸುವುದು ಹೇಗೆ, ಕೈ ತೊಳೆಯುವುದು ಹೇಗೆ, ಮನೆಯಲ್ಲಿ ಮಕ್ಕಳಿಗೆ ಏನು ಆಟ, ನಿಂತ ಕಾರಿನ ಬ್ಯಾಟರಿ ಸಾಯದಂತೆ ಏನು ಮಾಡಬೇಕು. ಫೋರ್ಡ್ ಆಗ ಪ್ಲಿಮತ್‌ನಲ್ಲಿ ಮುಖಕವಚ, ರಾಸನ್‌ವಿಲ್ ಕಾರ್ಖಾನೆಯಲ್ಲಿ ವೆಂಟಿಲೇಟರ್ ಮಾಡುವುದಕ್ಕೆ ಇಳಿದಿತ್ತು. ತನ್ನದೇ ಸಾಲ ಸಂಸ್ಥೆಯ ಮೂಲಕ ಕೆಲವು ಹೊಸ ಕಾರು ಕೊಂಡವರಿಗೆ ಆರು ತಿಂಗಳ ಕಂತಿನ ಆಸರೆ ಸಾರಿತು. ಅದರಲ್ಲಿ ಮೂರು ಕಂತು ಕಂಪನಿಯೇ ಕಟ್ಟುತ್ತದೆ, ಇನ್ನು ಮೂರು ಮುಂದಕ್ಕೆ ಹೋಗುತ್ತದೆ. ಓದುವಾಗ ಎರಡೂ ಒಂದೇ ಎನಿಸುತ್ತದೆ, ಆದರೆ ಅಲ್ಲ. ಕಟ್ಟುವುದು ಎಂದರೆ ನಿಮ್ಮ ಭಾರ ಇಳಿಯಿತು. ಮುಂದಕ್ಕೆ ಹಾಕುವುದು ಎಂದರೆ ಭಾರ ಇದ್ದಲ್ಲೇ ಇದೆ. ಸಾಮಾನ್ಯ ಕಾರು ಸಾಲದಲ್ಲಿ ಆ ತಿಂಗಳುಗಳ ಬಡ್ಡಿಯೂ ಬೆಳೆಯುತ್ತಿರುತ್ತದೆ. 36,000 ಡಾಲರ್ ಸಾಲ, 7% ಬಡ್ಡಿ ಎಂದಿಟ್ಟುಕೊಳ್ಳಿ. ಮೊದಲ ತಿಂಗಳ ಬಡ್ಡಿಯೇ 210 ಡಾಲರ್. ಆರಂಭದಲ್ಲೇ ಮೂರು ಕಂತು ಮುಂದೂಡಿದರೆ 630 ಡಾಲರ್ ಬಡ್ಡಿ ಸದ್ದಿಲ್ಲದೆ ಕೂಡಿರುತ್ತದೆ. ಕೆಲಸ ಹೋದಾಗ ಮುಂದೂಡಿಕೆ ದೊಡ್ಡ ಆಸರೆಯೇ, ಅನುಮಾನವಿಲ್ಲ. ಕೆಲಸ ಇದ್ದೂ, 'ಸಿಗುತ್ತಿದೆಯಲ್ಲ' ಎಂದು ತೆಗೆದುಕೊಳ್ಳುವಂಥದ್ದಲ್ಲ.

ಇಲ್ಲಿ ನಮ್ಮ ಮನೆಗಳಿಗೇ ಸೇರಿದ ಒಂದು ವಿಷಯ ಇದೆ. ಡೀಲರ್ ಕಾಗದದಲ್ಲಿ ಇದು ಎಂದೂ ಇರುವುದಿಲ್ಲ, ಏಕೆಂದರೆ ಅವನಿಗೆ ಇದರ ಯೋಚನೆ ಇಲ್ಲ. ಈಗ 84 ತಿಂಗಳ ಸಾಲ ಮಾಮೂಲಾಗಿದೆ. 84 ತಿಂಗಳು ಅಂದರೆ 7 ವರ್ಷ. ಎಚ್-1ಬಿ ವೀಸಾ ಮೊದಲು 3 ವರ್ಷ, ಒಟ್ಟು ಸಾಮಾನ್ಯವಾಗಿ 6 ವರ್ಷ. ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತಕ್ಕೆ ಬಂದರೆ ಮಾತ್ರ ಆಮೇಲೂ ಮುಂದುವರಿಕೆ. ಕೆಲಸ ಹೋದರೆ ಹೊಸದು ಹುಡುಕಲು ಇರುವುದು ಹೆಚ್ಚೆಂದರೆ 60 ದಿನ. ವೀಸಾಕ್ಕಿಂತ ಉದ್ದದ ಸಾಲಕ್ಕೆ ಸಹಿ ಹಾಕುವಾಗ ಮಾರಾಟದವನು ಹೇಳುವುದು ಒಂದೇ, 'ತಿಂಗಳಿಗೆ ಎಷ್ಟು ಕಡಿಮೆ ನೋಡಿ'.

ಅದೇ 36,000 ಡಾಲರ್, 7%. 84 ತಿಂಗಳಾದರೆ ಕಂತು ಸುಮಾರು 543 ಡಾಲರ್, 60 ತಿಂಗಳಾದರೆ ಸುಮಾರು 713. ತಿಂಗಳಿಗೆ 170 ಉಳಿಯಿತು ಎಂದು ಖುಷಿ. ಮೂರು ವರ್ಷ ಕಳೆದು, ಮೊದಲ ವೀಸಾ ಮುಗಿಯುವ ಹೊತ್ತಿಗೆ ಊರಿಗೆ ಹೊರಡಬೇಕಾಯಿತು ಎನ್ನಿ. 60 ತಿಂಗಳ ಸಾಲದಲ್ಲಿ ಇನ್ನೂ ಸುಮಾರು 15,900 ಡಾಲರ್ ಬಾಕಿ, 84ರದರಲ್ಲಿ ಸುಮಾರು 22,700. ಅವಸರದಲ್ಲಿ ಮಾರುವವನಿಗೆ ಒಳ್ಳೆಯ ಬೆಲೆ ಯಾರು ಕೊಡುತ್ತಾರೆ? ಕಾರಿನ ಬೆಲೆ ಬಾಕಿಗಿಂತ ಕಡಿಮೆ ಬಂದರೆ ಉಳಿದದ್ದನ್ನು ಕೈಯಿಂದ ಕಟ್ಟಬೇಕು. ವಿಮಾನದ ಟಿಕೆಟ್, ಮನೆ ಖಾಲಿ ಮಾಡುವುದು, ಮಕ್ಕಳ ಶಾಲೆ, ಇವೆಲ್ಲದರ ನಡುವೆ. ಆದ್ದರಿಂದ ಹೊಸದಾಗಿ ಬಂದ ದಂಪತಿಗಳಿಗೆ ನನ್ನ ಮಾತು ಒಂದೇ. ವೀಸಾ ಅವಧಿಯೊಳಗೆ ತೀರುವ ಸಾಲ ಮಾಡಿ. ಅಷ್ಟು ಕಂತು ಕೈಗೆ ನಿಲುಕದಿದ್ದರೆ ಕಾರು ಚಿಕ್ಕದು ಮಾಡಿಕೊಳ್ಳಿ. ಊರಿನಿಂದ ಅತ್ತೆ-ಮಾವ ಬರುತ್ತಾರೆ, ಏಳು ಸೀಟು ಬೇಕು ಎನ್ನುವ ವಾದ ನನಗೆ ಗೊತ್ತು. ಅವರು ಇರುವ ಆರು ತಿಂಗಳಲ್ಲಿ ಎಲ್ಲರೂ ಒಟ್ಟಿಗೆ ನಯಾಗರಾಕ್ಕೆ ಹೋಗುವುದು ಒಂದು ಸಲ. ಅದಕ್ಕೆ ವ್ಯಾನ್ ಬಾಡಿಗೆಗೆ ಸಿಗುತ್ತದೆ.

ಇನ್ನು ಕಾನೂನಿನ ಮಾತು. 'ನಮ್ಮಲ್ಲೇ ಸರ್ವಿಸ್ ಮಾಡಿಸಿದರೆ ವಾರಂಟಿ ಭದ್ರ' ಎಂಬ ಸಾಲು ಕಾಗದದಲ್ಲಿ ಆಗಾಗ ಇಣುಕುತ್ತದೆ. 1975ರ ವಾರಂಟಿ ಕಾನೂನಿನ ಪ್ರಕಾರ, ಆಯಿಲ್ ಚೇಂಜನ್ನು ಹೊರಗೆ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದು ಮಾಡುವಂತಿಲ್ಲ. ಹೇಳಿದ ಹೊತ್ತಿಗೆ ಮಾಡಿಸಿ, ರಸೀದಿ ಜೋಪಾನ ಮಾಡಿ, ಸಾಕು. 'ಮೂರು ದಿನದೊಳಗೆ ಕಾರು ಹಿಂದಿರುಗಿಸಬಹುದು' ಎಂಬ ನಂಬಿಕೆಯೂ ನಮ್ಮವರಲ್ಲಿ ಗಟ್ಟಿಯಾಗಿದೆ. ಡೀಲರ್ ಅಂಗಡಿಯಲ್ಲಿ ಕೊಂಡ ಕಾರಿಗೆ ಅಂಥ ಕಾನೂನು ಇಲ್ಲ. ಡೀಲರ್ ತಾನಾಗಿ ಅಂಥ ಮಾತು ಕೊಟ್ಟಿದ್ದರೆ ಒಪ್ಪಂದದಲ್ಲಿ ಬರೆಸಿಕೊಳ್ಳಿ. ಎಲ್ಲ ಮುಗಿದ ಮೇಲೆ ಒಳಗಿನ ಕೋಣೆಯಲ್ಲಿ ಕೂರಿಸಿ ಎಕ್ಸ್‌ಟೆಂಡೆಡ್ ವಾರಂಟಿ, ಬಣ್ಣಕ್ಕೆ ಲೇಪ, ಸೀಟಿಗೆ ಲೇಪ ಎಂದು ಒಂದೊಂದಾಗಿ ತೆಗೆಯುತ್ತಾರಲ್ಲ, ಅಲ್ಲಿಯೂ ಅದೇ ಪ್ರಶ್ನೆ ಕೇಳಿ. ಈ ಎಕ್ಸ್‌ಟೆಂಡೆಡ್ ವಾರಂಟಿ ಕಾರು ಕಂಪನಿಯದೋ, ಮೂರನೆಯವರದೋ? ಮೂರನೆಯವರದಾದರೆ ನಾಳೆ ಅವರು ಎಲ್ಲಿರುತ್ತಾರೆ? ಕೇಳಲು ಸಂಕೋಚ ಬೇಡ. ಗಾಂಧಿ ಬಜಾರಿನಲ್ಲಿ ಐದು ರೂಪಾಯಿ ಸೊಪ್ಪಿಗೆ ಚೌಕಾಸಿ ಮಾಡಿದ ನಾವು ಇಲ್ಲಿ ಎರಡು ಸಾವಿರ ಡಾಲರಿಗೆ ಬಾಯಿ ಮುಚ್ಚಿ ಕೂರುವುದೇಕೆ?

ಡೀಲರ್ ಕಳಿಸುವುದರಲ್ಲಿ ಎಂದೂ ಅಳಿಸಬಾರದ ಒಂದು ಕಾಗದ ಇದೆ: ರೀಕಾಲ್ ಸೂಚನೆ. ಅದು ಜಾಹೀರಾತಿನ ಹಾಗೇ ಕಾಣುತ್ತದೆ, ಅದೇ ತೊಂದರೆ. 2025ರಲ್ಲಿ ಫೋರ್ಡ್ ಒಂದು ವರ್ಷದ ರೀಕಾಲ್ ಸಂಖ್ಯೆಯಲ್ಲಿ ಹಿಂದಿನ ಎಲ್ಲ ಕಂಪನಿಗಳ ದಾಖಲೆ ಮುರಿಯಿತು. ಆದ್ದರಿಂದ ನಮ್ಮ ಡಿಯರ್‌ಬಾರ್ನ್ ಮನೆಗಳಿಗೆ ಇಂಥ ಕಾಗದ ಬಹಳ ಬಂದಿರುತ್ತದೆ. ಸುರಕ್ಷತೆಯ ರೀಕಾಲ್ ರಿಪೇರಿಗೆ ದುಡ್ಡು ಕೇಳುವಂತಿಲ್ಲ. ಕಾರು ಎರಡನೆಯ ಕೈಯದಾದರೆ ಕಾಗದ ಹಳೆಯ ಮಾಲೀಕರ ವಿಳಾಸಕ್ಕೆ ಹೋಗಿರಬಹುದು. ಗಾಜಿನ ಕೆಳಮೂಲೆಯಲ್ಲಿ ಕಾಣುವ 17 ಅಕ್ಷರ-ಅಂಕೆಗಳ ವಿನ್ ನಂಬರನ್ನು ಕೇಂದ್ರ ಸರ್ಕಾರದ ರಸ್ತೆ ಸುರಕ್ಷತಾ ಇಲಾಖೆಯ ತಾಣದಲ್ಲಿ ಹಾಕಿದರೆ ಬಾಕಿ ಇರುವುದೆಲ್ಲ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಇವತ್ತೇ ನೋಡಿಬಿಡಿ.

ಸೂಪಿನ ಪಕ್ಕದ ಮನೆವಾರ್ತೆ ಸಲಹೆಗಳಲ್ಲಿ ಕೆಲವು ನಿಜಕ್ಕೂ ಬಂಗಾರದಂಥವು, ಮುಖ್ಯವಾಗಿ ಚಳಿಗಾಲದವು. ಮಗುವಿಗೆ ದಪ್ಪ ಹತ್ತಿಯ ಜಾಕೆಟ್ ಹಾಕಿಸಿ ಕಾರ್ ಸೀಟಿನ ಪಟ್ಟಿ ಕಟ್ಟಬೇಡಿ. ನಮಗೆ ಪಟ್ಟಿ ಬಿಗಿಯಾಗಿದೆ ಎನಿಸುತ್ತದೆ, ಆದರೆ ಅಪಘಾತವಾದರೆ ಜಾಕೆಟ್ ಅಮುಕಿಕೊಂಡು ಪಟ್ಟಿ ಸಡಿಲವಾಗುತ್ತದೆ. ಜಾಕೆಟ್ ತೆಗೆದು, ಪಟ್ಟಿ ಬಿಗಿದು, ಮೇಲೆ ಕಂಬಳಿ ಹೊದಿಸಿ. 'ಅಯ್ಯೋ ಕೂಸಿಗೆ ಥಂಡಿ' ಎಂದು ಅಜ್ಜಿ ಗದರಿದರೂ ಇದರಲ್ಲಿ ರಾಜಿ ಬೇಡ. ಊರಿನಿಂದ ಬಂದ ಹಿರಿಯರಿಗೆ ಮೊದಲ ದಿನವೇ ಹೇಳಬೇಕಾದ್ದು ಇನ್ನೊಂದು. ಮನೆಗೆ ಅಂಟಿದ ಗ್ಯಾರೇಜಿನಲ್ಲಿ ಕಾರು ಬೆಚ್ಚಗಾಗಲೆಂದು ಚಾಲೂ ಮಾಡಿ ಬಿಡಬಾರದು, ಬಾಗಿಲು ತೆರೆದಿದ್ದರೂ ಬಾರದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮನೆಯೊಳಗೆ ಅದರ ಅಲಾರಂ ಇರಲಿ. ಹಿಮದಲ್ಲಿ ನಿಂತ ಕಾರನ್ನು ಚಾಲೂ ಮಾಡುವ ಮೊದಲು ಹಿಂದಿನ ಹೊಗೆ ಕೊಳವೆಗೆ ಹಿಮ ತುಂಬಿಲ್ಲ ಎಂದು ನೋಡಿ.

ಟೈರ್ ದೀಪ ಹೊತ್ತಿತೆಂದು ಗಾಬರಿಪಟ್ಟು ಸರ್ವಿಸಿಗೆ ಓಡಬೇಡಿ. ಉಷ್ಣತೆ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಪೆಟ್ರೋಲ್ ಬಂಕಿನಲ್ಲಿ ಗಾಳಿ ತುಂಬಿ, ಒಂದೆರಡು ದಿನದಲ್ಲಿ ಮತ್ತೆ ಇಳಿದರೆ ಆಗ ತೋರಿಸಿ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಹೋಗದಿರಲಿ. ಡಿಕ್ಕಿಯಲ್ಲಿ ಕಂಬಳಿ, ಟಾರ್ಚ್, ಸಣ್ಣ ಸಲಿಕೆ ಇಡಿ ಎಂದು ಡೀಲರ್ ಬರೆಯುತ್ತಾನೆ. ನಾನು ಅದಕ್ಕೆ ಕೋಡುಬಳೆಯ ಡಬ್ಬಿ ಸೇರಿಸುತ್ತೇನೆ. ಹೆಪ್ಪುಗಟ್ಟುವುದಿಲ್ಲ, ತಿಂಗಳಾದರೂ ಕೆಡುವುದಿಲ್ಲ, ಐ-94ರಲ್ಲಿ ಎರಡು ಗಂಟೆ ಸಿಕ್ಕಿಹಾಕಿಕೊಂಡರೆ ಮಕ್ಕಳ ಬಾಯಿಗೂ ಕೆಲಸ.

ಪಾಟ್‌ಲಕ್‌ಗೆ ಹೋಗುವಾಗ ಹುಳಿಯ ಪಾತ್ರೆ ಉರುಳಿ ಕಾರ್ಪೆಟ್ಟಿಗೆ ಚೆಲ್ಲಿದರೆ ಏನು ಮಾಡಬೇಕೆಂದು ಯಾವ ಡೀಲರೂ ಬರೆದಿಲ್ಲ. ಉಜ್ಜಬೇಡಿ, ಅರಿಸಿನ ಇನ್ನೂ ಒಳಗಿಳಿಯುತ್ತದೆ. ಬಟ್ಟೆ ಒತ್ತಿ ಹೀರಿಸಿ, ತಣ್ಣೀರಿನಲ್ಲಿ ಒದ್ದೆ ಮಾಡಿ ಮತ್ತೆ ಒತ್ತಿ, ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ ರಾತ್ರಿಯೆಲ್ಲ ಬಿಟ್ಟು ವ್ಯಾಕ್ಯೂಮ್ ಮಾಡಿ. ಇಂಗಿನ ವಾಸನೆ ಪೂರ್ತಿ ಹೋಗುತ್ತದೆಂದು ನಾನು ಭಾಷೆ ಕೊಡಲಾರೆ. ಪಾತ್ರೆಯನ್ನು ಹಾಲಿನ ಪ್ಲಾಸ್ಟಿಕ್ ಕ್ರೇಟಿನೊಳಗೆ ಕೂರಿಸಿ ಸುತ್ತ ಟವೆಲ್ ತುರುಕಿ ಒಯ್ಯುವುದು ವಾಸಿ.

ಕಾರು ನೋಡಲು ಹೊರಟವರಿಗೆ ಕೊನೆಯದಾಗಿ ಒಂದು. ವೇಯ್ನ್, ಓಕ್‌ಲ್ಯಾಂಡ್, ಮಕೋಂಬ್‌ನಂಥ ದೊಡ್ಡ ಕೌಂಟಿಗಳಲ್ಲಿ ಭಾನುವಾರ ಕಾರು ಮಾರುವಂತಿಲ್ಲ, ಇದು 1953ರ ಕಾನೂನು. ನಮಗೆ ಅದೇ ಅನುಕೂಲ. ಭಾನುವಾರ ಮಧ್ಯಾಹ್ನ ಸುಮ್ಮನೆ ಹೋಗಿ, ಬೆಲೆಪಟ್ಟಿಗಳನ್ನು ಓದಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಬನ್ನಿ. ಹಿಂದೆ ಹಿಂದೆ ಬರುವವರು ಯಾರೂ ಇರುವುದಿಲ್ಲ. ನಿಮ್ಮ ಡೀಲರ್ ಕಾಗದದಲ್ಲಿ ಅರ್ಥವಾಗದ ಸಾಲು ಏನಾದರೂ ಇದ್ದರೆ, ಹೆಸರು-ವಿಳಾಸ ತೆಗೆದು ಈ ಅಂಕಣಕ್ಕೆ ಕಳಿಸಿ. ಮುಂದಿನ ತಿಂಗಳು ಒಟ್ಟಿಗೆ ಕೂತು ಬಿಡಿಸೋಣ.